ವಾಷಿಂಗ್ ಮೆಷಿನ್ ಪಾಠ: ಬಾಗಿಲು ಮತ್ತು ಅಕ್ಷ

ಅಭ್ಯಾಸ ಬೋಧನೆಯ ಎರಡನೇ ವಾರ ಒಂಬತ್ತನೇ ತರಗತಿಗೆ ‘ಏಕರೂಪ ವೃತ್ತೀಯ ಚಲನೆ’ ನನ್ನ ಪಾಲಿಗೆ ಬಂತು. ದಾರಕ್ಕೆ ಕಟ್ಟಿ ತಿರುಗಿಸುವ ಕಲ್ಲಿನ ಚಟುವಟಿಕೆ ಪಠ್ಯದಲ್ಲೇ ಇದೆ. ಅದರ ಜೊತೆಗೆ ಮನೆಯಲ್ಲಿ ತಿರುಗುವ ವಸ್ತುವೊಂದು ಬೇಕೆಂದು ವಾಷಿಂಗ್ ಮೆಷಿನ್ ಆರಿಸಿಕೊಂಡೆ. ಮಲೆನಾಡಿನ ಮಳೆಗಾಲ, ಯೂನಿಫಾರ್ಮ್ ಒಣಗದಿರುವ ಕಷ್ಟ ಎಲ್ಲ ಮಕ್ಕಳಿಗೂ ಗೊತ್ತು. ಮೆಷಿನ್ ಇಲ್ಲದ ಮನೆಯವರಿಗೂ ಪಾಠ ತಟ್ಟುತ್ತದೆ ಎಂಬ ಲೆಕ್ಕಾಚಾರ ನನ್ನದು.

ಕಪ್ಪುಹಲಗೆಯ ಮೇಲೆ ಎರಡು ಕಾಲಮ್ಮಿನ ಪಟ್ಟಿ ಬರೆದೆ. ‘ಮೇಲಿನಿಂದ ಬಟ್ಟೆ ಹಾಕುವ ಯಂತ್ರ: ಡ್ರಮ್ ನಿಂತಿರುತ್ತದೆ. ಮುಂದಿನಿಂದ ಬಟ್ಟೆ ಹಾಕುವ ಯಂತ್ರ: ಡ್ರಮ್ ಮಲಗಿರುತ್ತದೆ.’ ಮಕ್ಕಳು ಬರೆದುಕೊಂಡರು. ಮರುದಿನದ ಕಿರುಪರೀಕ್ಷೆಯಲ್ಲಿ ಅದನ್ನೇ ಬಿಟ್ಟ ಸ್ಥಳ ತುಂಬಲು ಕೊಟ್ಟೆ. ಒಬ್ಬ ಹುಡುಗಿ ‘ನಿಂತಿರಬಹುದು, ಮಲಗಿರಲೂಬಹುದು’ ಎಂದು ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿದೆ.

ಅವಳು ಪುಸ್ತಕ ಹಿಡಿದು ಬಂದಳು. “ಮಿಸ್, ನಮ್ಮ ಚಿಕ್ಕಮ್ಮ ಫ್ರಾನ್ಸಲ್ಲಿದ್ದಾರೆ. ಅವರ ಮೆಷಿನ್ನಿಗೆ ಬಾಗಿಲು ಮೇಲಿದೆ, ಡ್ರಮ್ ಮಲಗಿದೆ. ವಿಡಿಯೊ ಕಾಲಲ್ಲಿ ನೋಡಿದೀನಿ.”

“ಹಾಗಿದ್ದರೆ ಬಟ್ಟೆ ಹಾಕೋದು ಹೇಗೆ? ಸರಿಯಾಗಿ ನೋಡಿರಲಿಕ್ಕಿಲ್ಲ ನೀನು” ಎಂದೆ. ಹಿಂದಿನ ಬೆಂಚಿನವರು ನಕ್ಕರು. ಅವಳು ಸುಮ್ಮನೆ ಹೋಗಿ ಕೂತಳು. ಮುಂದಿನ ಎರಡು ದಿನ ಕೈ ಎತ್ತಲಿಲ್ಲ.

ಆ ದಿನ ಪಾಠ ವೀಕ್ಷಿಸಿದ ಮಾರ್ಗದರ್ಶಕ ಉಪನ್ಯಾಸಕರು ನನ್ನ ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ‘ನಿಮ್ಮ ವರ್ಗೀಕರಣದ ಆಧಾರ ಯಾವುದು?’ ಆ ಸಂಜೆ ಹುಡುಕಿ ಓದಿದ ಮೇಲೆ ತಪ್ಪು ಯಾರದೆಂದು ಗೊತ್ತಾಯಿತು.

ಹುಡುಗಿ ನೋಡಿದ ಯಂತ್ರ

ಫ್ರಾನ್ಸಿನಲ್ಲಿ ಇಂಥ ಯಂತ್ರ ಸಾಮಾನ್ಯ. ಅಗಲ ಸುಮಾರು 40 ಸೆಂ.ಮೀ., ಆಳ 60 ಸೆಂ.ಮೀ. ಅಥವಾ ಸ್ವಲ್ಪ ಹೆಚ್ಚು. ಮಾಮೂಲಿ ಮುಂಬಾಗಿಲ ಯಂತ್ರದ ಅಗಲ 60 ಸೆಂ.ಮೀ. ಹಳೆಯ ಅಪಾರ್ಟ್‌ಮೆಂಟುಗಳ ಇಕ್ಕಟ್ಟಾದ ಬಚ್ಚಲಲ್ಲಿ ಈ ಒಂದು ಗೇಣು ಉಳಿತಾಯ ದೊಡ್ಡದು. ಮುಂದೆ ಬಾಗಿಲು ತೆರೆಯಲು ಜಾಗ ಬಿಡಬೇಕಾಗಿಲ್ಲ, ಬಟ್ಟೆ ಹಾಕಲು ಕುಕ್ಕರುಗಾಲಲ್ಲಿ ಕೂರಬೇಕಾಗಿಲ್ಲ.

ಇದರ ಡ್ರಮ್ ಎಡದಿಂದ ಬಲಕ್ಕೆ ಅಡ್ಡಲಾಗಿ ಮಲಗಿದೆ. ಬಾಗಿಲಿರುವುದು ಡ್ರಮ್ಮಿನ ತುದಿಯಲ್ಲಲ್ಲ, ಅದರ ದುಂಡು ಮೈಯಲ್ಲಿ. ಮೇಲಿನ ಮುಚ್ಚಳ ಎತ್ತಿದರೆ ಡ್ರಮ್ಮಿನ ಮೈಯಲ್ಲಿ ಸ್ಪ್ರಿಂಗ್ ಇರುವ ಎರಡು ಪುಟ್ಟ ಕದಗಳು ಕಾಣುತ್ತವೆ. ಬಟ್ಟೆ ಹಾಕಿದ ಮೇಲೆ ಅವೆರಡನ್ನೂ ಒಂದಕ್ಕೊಂದು ಕೊಂಡಿಯಾಗಿ ಸಿಕ್ಕಿಸಬೇಕು. ಸರಿಯಾಗಿ ಸಿಕ್ಕಿಸದೆ ತಿರುಗಿಸಿದರೆ ಕದ ಬಿಚ್ಚಿಕೊಂಡು ಯಂತ್ರವೇ ಹಾಳಾದೀತು. ಒಗೆದು ಮುಗಿದಾಗ ಕದಗಳು ಮೇಲ್ಮುಖವಾಗಿ ನಿಲ್ಲುವಂತೆ ಡ್ರಮ್ ತಾನೇ ಸರಿಹೊಂದಿ ನಿಲ್ಲುವ ವ್ಯವಸ್ಥೆ ಈಗಿನ ಹಲವು ಮಾದರಿಗಳಲ್ಲಿದೆ.

ಮುಂಬಾಗಿಲ ಯಂತ್ರದಲ್ಲಿ ಬಾಗಿಲು ಡ್ರಮ್ಮಿನ ಮುಂತುದಿಯಲ್ಲಿರುವುದರಿಂದ ಅದರ ಭಾರವನ್ನು ಹಿಂತುದಿಯ ಬೇರಿಂಗುಗಳೇ ಹೊರಬೇಕು. ಇಲ್ಲಿ ಎರಡೂ ತುದಿಗಳಿಗೆ ಆಧಾರವಿದೆ.

ಅಂದರೆ ನಾನು ಗೊಂದಲ ಮಾಡಿಕೊಂಡಿದ್ದು ಬಾಗಿಲಿಗೂ ಅಕ್ಷಕ್ಕೂ. ಬಾಗಿಲು ಕೊಳ್ಳುವವರ ಅನುಕೂಲಕ್ಕೆ ಸಂಬಂಧಿಸಿದ್ದು. ಬಟ್ಟೆ ಹೇಗೆ ಚಲಿಸುತ್ತದೆ ಎಂಬುದನ್ನು ನಿರ್ಧರಿಸುವುದು ಅಕ್ಷ. ನಮ್ಮೂರಿನ ಅಂಗಡಿಗಳಲ್ಲಿ ಮೇಲ್ಬಾಗಿಲಿನವು ನಿಂತ ಡ್ರಮ್ಮಿನವೇ ಆದ್ದರಿಂದ ಎರಡೂ ಒಂದೇ ಎಂದು ನನಗೆ ಅನ್ನಿಸಿತ್ತು.

ಅಕ್ಷ ಮಲಗಿದರೆ ಏನಾಗುತ್ತದೆ?

ಶಿಕ್ಷಕರ ತಿಳಿವಳಿಕೆಗೆ ಒಂದು ಲೆಕ್ಕ. ಡ್ರಮ್ಮಿನ ತ್ರಿಜ್ಯ 24 ಸೆಂ.ಮೀ. ಎಂದುಕೊಳ್ಳೋಣ. ವೃತ್ತದಲ್ಲಿ ಸುತ್ತಲು ಬಟ್ಟೆಗೆ ಕೇಂದ್ರದ ಕಡೆಗೆ ಬೇಕಾದ ವೇಗೋತ್ಕರ್ಷವು ಕೋನೀಯ ವೇಗದ ವರ್ಗ ಮತ್ತು ತ್ರಿಜ್ಯದ ಗುಣಲಬ್ಧ. ನಿಮಿಷಕ್ಕೆ 50 ಸುತ್ತಾದರೆ ಅದು ಸುಮಾರು 6.6 ಮೀ/ಸೆ². ಗುರುತ್ವ ವೇಗೋತ್ಕರ್ಷ 9.8. ಡ್ರಮ್ಮಿನ ನೆತ್ತಿಯಲ್ಲಿ ಗುರುತ್ವವೂ ಕೇಂದ್ರದ ಕಡೆಗೇ, ಅಂದರೆ ಕೆಳಕ್ಕೇ ಎಳೆಯುತ್ತದೆ. ಬೇಕಾದದ್ದಕ್ಕಿಂತ ಅದು ಹೆಚ್ಚಾಗಿರುವುದರಿಂದ ಬಟ್ಟೆ ನೆತ್ತಿ ತಲುಪುವ ಮೊದಲೇ ಗೋಡೆ ಬಿಟ್ಟು ಕೆಳಗೆ ಬೀಳುತ್ತದೆ. ಈ ಬೀಳುವಿಕೆಯೇ ಒಗೆತ. ಒಗೆಯುವ ಕಲ್ಲಿಗೆ ಬಟ್ಟೆ ಬಡಿಯುವುದರ ಮೃದು ರೂಪ.

ನಿಮಿಷಕ್ಕೆ ಸುಮಾರು 61 ಸುತ್ತಿಗೆ ಎರಡೂ ಸಮವಾಗುತ್ತವೆ. ಅದನ್ನು ದಾಟಿದರೆ ಬಟ್ಟೆ ಗೋಡೆಗೇ ಅಂಟಿ ಸುತ್ತುತ್ತದೆ, ಬೀಳುವುದಿಲ್ಲ. ಹಿಂಡುವಾಗ 1200 ಸುತ್ತು ಎಂದರೆ ಗುರುತ್ವದ 380 ಪಟ್ಟಿಗೂ ಹೆಚ್ಚು. ಆಗ ಬಟ್ಟೆಯನ್ನು ಗೋಡೆ ತಡೆದು ತಿರುಗಿಸುತ್ತದೆ. ರಂಧ್ರದ ಎದುರಿರುವ ನೀರಿಗೆ ತಡೆಯಿಲ್ಲ. ಅದು ದಾರ ಬಿಟ್ಟ ಕಲ್ಲಿನಂತೆ ಸ್ಪರ್ಶರೇಖೆಯ ದಿಕ್ಕಿನಲ್ಲಿ ನೇರ ಹೋಗುತ್ತದೆ. ‘ಹೊರಗೆ ಎಸೆಯುವ ಬಲ’ವೊಂದನ್ನು ಹೇಳುವ ಅಗತ್ಯ ಈ ತರಗತಿಗಿಲ್ಲ, ಜಡತ್ವ ಸಾಕು.

ನಿಂತ ಡ್ರಮ್ಮಿನಲ್ಲಿ ಗುರುತ್ವ ಅಕ್ಷದ ಉದ್ದಕ್ಕೂ ಎಳೆಯುತ್ತದೆ. ಎಷ್ಟು ನಿಧಾನ ತಿರುಗಿಸಿದರೂ ಬಟ್ಟೆ ಎದ್ದು ಬೀಳುವುದಿಲ್ಲ. ಅದಕ್ಕೇ ತಳದಲ್ಲಿ ತಿರುಗುವ ತಟ್ಟೆ ಬೇಕು, ಬಟ್ಟೆ ತೇಲಾಡುವಷ್ಟು ಹೆಚ್ಚು ನೀರೂ ಬೇಕು.

ಅದೇ ಡ್ರಮ್ಮಿನಲ್ಲಿ ಒಣಗಿಸುವುದು

ಒಗೆದು ಒಣಗಿಸುವ ಜೋಡಿ ಯಂತ್ರಕ್ಕೂ ಮಲಗಿದ ಅಕ್ಷವೇ ಅನುಕೂಲ. ಬಿಸಿಗಾಳಿಯಲ್ಲಿ ಬಟ್ಟೆ ಎದ್ದೆದ್ದು ಬಿದ್ದರೆ ಪದರಗಳು ಬಿಡಿಸಿಕೊಳ್ಳುತ್ತವೆ. ಹಾಗೆ ಬೀಳಲು ಖಾಲಿ ಜಾಗ ಬೇಕು. ಹಾಗಾಗಿ ಇಂಥ ಯಂತ್ರದ ಮೇಲೆ ‘ಒಗೆಯಲು 8 ಕೆ.ಜಿ., ಒಣಗಿಸಲು 5 ಕೆ.ಜಿ.’ ಎಂಬಂತೆ ಎರಡು ಅಳತೆ ಇರುತ್ತದೆ. ತುಂಬ ಒಗೆದವರು ಕೆಲವನ್ನು ಹೊರತೆಗೆದು ಒಣಗಿಸಬೇಕು. ಬಟ್ಟೆಯಿಂದ ಎದ್ದ ಆವಿಯನ್ನು ಹಲವು ಮಾದರಿಗಳು ತಣ್ಣೀರಿನಿಂದ ತಂಪುಮಾಡಿ ಮತ್ತೆ ನೀರಾಗಿಸಿ ಚರಂಡಿಗೆ ಬಿಡುತ್ತವೆ. ಒಣಗಿಸಲೂ ನೀರು ಖರ್ಚಾಗುತ್ತದೆ ಎಂದಾಗ ಮಕ್ಕಳು ನಂಬಲಿಲ್ಲ. ಆವೀಕರಣ ಮತ್ತು ಸಾಂದ್ರೀಕರಣ ಎರಡನ್ನೂ ನೆನಪಿಸಲು ಅದೇ ಸಂದರ್ಭವಾಯಿತು.

5 ಕೆ.ಜಿ. ಹತ್ತಿ ಬಟ್ಟೆಯಲ್ಲಿ ಚೆನ್ನಾಗಿ ಹಿಂಡಿದ ಮೇಲೂ ಸುಮಾರು 2.5 ಕೆ.ಜಿ. ನೀರು ಉಳಿಯುತ್ತದೆ ಎಂದುಕೊಳ್ಳಿ. 1 ಕೆ.ಜಿ. ನೀರು ಆವಿಯಾಗಲು ಸುಮಾರು 2400 ಕಿಲೋಜೌಲ್ ಬೇಕು. ಒಟ್ಟು 6000 ಕಿಲೋಜೌಲ್, ಅಂದರೆ ಹೆಚ್ಚುಕಡಿಮೆ 1.7 ಯೂನಿಟ್ ವಿದ್ಯುತ್. ಶಾಖ ಸೋರಿಕೆ ಬೇರೆ. ಹೀಟ್ ಪಂಪ್ ಇರುವ ಯಂತ್ರಗಳು ಮಾತ್ರ ಆವಿಯ ಶಾಖವನ್ನು ಮರಳಿ ಬಳಸಿ ಈ ಖರ್ಚು ಇಳಿಸುತ್ತವೆ. ಹಿಂಡಿ ತೆಗೆಯುವ ನೀರು ಅಗ್ಗ, ಆವಿಮಾಡಿ ತೆಗೆಯುವ ನೀರು ದುಬಾರಿ. ಹಗ್ಗಕ್ಕೆ ಹಾಕುವ ಮೊದಲು ಅಮ್ಮಂದಿರು ಬಟ್ಟೆಯನ್ನು ಗಟ್ಟಿಯಾಗಿ ಹಿಂಡುವುದೂ ಈ ಕಾರಣಕ್ಕೇ.

ತಿದ್ದಿದ ಪಾಠ

ನಾಲ್ಕನೇ ದಿನ ಬೇರೆ ಪಾಠಯೋಜನೆಯೊಂದಿಗೆ ಹೋದೆ. ಬೋಧನೋಪಕರಣ ಇಷ್ಟೇ: ಸುಮಾರು 14 ಸೆಂ.ಮೀ. ವ್ಯಾಸದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ, ಬಡಗಿಯವರಿಂದ ಕೇಳಿ ತಂದ ಹಿಡಿ ತಿರುಗಿಸುವ ಕೈಬೈರಿಗೆ, ಒಂದಿಷ್ಟು ಒದ್ದೆ ಬಟ್ಟೆ ಚೂರು. ಮುಚ್ಚಳದ ನಡುವೆ ಬೋಲ್ಟ್ ಹಾಕಿ ಅದನ್ನು ಬೈರಿಗೆಗೆ ಸಿಕ್ಕಿಸಿದೆ. ಡಬ್ಬ ಮಲಗಿಸಿ ನಿಧಾನ ತಿರುಗಿಸಿದರೆ ಚೂರುಗಳು ಬಿದ್ದವು. ಸೆಕೆಂಡಿಗೆ ಎರಡು ಸುತ್ತು ದಾಟಿಸಿದಾಗ ಗೋಡೆಗೆ ಅಂಟಿದವು. ನಿಲ್ಲಿಸಿ ನಿಧಾನ ತಿರುಗಿಸಿದರೆ ತಳದಲ್ಲೇ ಸುತ್ತಿದವು. ಜೋರಾಗಿ ತಿರುಗಿಸುವಾಗ ಮಲಗಿಸಿದ ಡಬ್ಬ ಓಲಾಡತೊಡಗಿತು. ತಳದ ನಡುವೆಯೂ ಒಂದು ಬೋಲ್ಟ್ ಹಾಕಿ, ಅದನ್ನು ರಂಧ್ರವಿರುವ ಮರದ ತುಂಡಿನಲ್ಲಿ ಹಿಡಿಯಲು ಆ ಹುಡುಗಿಯನ್ನು ಕರೆದೆ. ಓಲಾಟ ನಿಂತಿತು.

“ನಿನ್ನ ಚಿಕ್ಕಮ್ಮನ ಮೆಷಿನ್ನಿಗೂ ಹೀಗೇ ಎರಡು ಕಡೆ ಆಧಾರ ಇದೆ. ನೀನು ಸರಿಯಾಗಿ ನೋಡಿದ್ದೆ, ತಪ್ಪು ಹೇಳಿದ್ದು ನಾನು” ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಅವಳ ಪುಸ್ತಕದ ತಪ್ಪು ಗುರುತನ್ನು ಹೊಡೆದು ಹಾಕಿ, ಪಕ್ಕದಲ್ಲಿ ಸರಿ ಗುರುತು ಹಾಕಿ ಸಹಿ ಮಾಡಿದೆ. ಉಳಿದವರ ಪುಸ್ತಕಗಳಲ್ಲಿ ನಾನು ಬರೆಸಿದ್ದ ಪಟ್ಟಿಯನ್ನೂ ತಿದ್ದಿಸಿದೆ.

ಅವಳು ನಗಲಿಲ್ಲ. ಗಂಭೀರವಾಗಿ ಕೇಳಿದಳು: “ಮಿಸ್, ತಿರುಗುವಾಗ ಕರೆಂಟ್ ಹೋದರೆ ಕದ ಕೆಳಗೆ ನಿಂತುಬಿಟ್ಟಿರುತ್ತಲ್ಲ, ಆಗ ಬಟ್ಟೆ ತೆಗೆಯೋದು ಹೇಗೆ?”

ಮೇಲಿನ ಮುಚ್ಚಳದ ಬೀಗ ಬಿಟ್ಟ ಮೇಲೆ ಡ್ರಮ್ಮನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ಕದವನ್ನು ಮೇಲಕ್ಕೆ ತರಬಹುದು. ಆದರೆ ಈ ಸಲ ನಾನು ಉತ್ತರ ಹೇಳಲಿಲ್ಲ. ಡಬ್ಬವನ್ನು ಅವಳ ಕೈಗೇ ಕೊಟ್ಟೆ.

ವರ್ಗೀಕರಣದ ಪಟ್ಟಿ ಬರೆಯುವ ಮುನ್ನ ಈಗ ನನಗೆ ನಾನೇ ಕೇಳಿಕೊಳ್ಳುತ್ತೇನೆ: ಈ ಲಕ್ಷಣ ಬದಲಾದರೆ ವಸ್ತುವಿನ ಕೆಲಸ ಬದಲಾಗುತ್ತದೆಯೇ? ಬದಲಾಗದಿದ್ದರೆ ಅದು ಬಾಗಿಲು, ಅಕ್ಷವಲ್ಲ.