ಪರದೇಶದಲ್ಲಿ ಒಂಟಿ ನಿವೃತ್ತಿ: ಹೊರಡುವ ಮೊದಲು ಹಾಕಬೇಕಾದ ಲೆಕ್ಕ



ನಂಜನಗೂಡಿನಲ್ಲಾಗಲಿ, ತಿರುಮಕೂಡಲು ನರಸೀಪುರದಲ್ಲಾಗಲಿ ಇಂದು ನಾಲ್ಕು ಮಂದಿ ಹಿರಿಯರನ್ನು ಮಾತನಾಡಿಸಿದರೆ, 'ಮಗ ಹೊರದೇಶದಲ್ಲಿದ್ದಾನೆ', 'ಮಗಳು ಅಳಿಯ ಅಲ್ಲೇ ಇದ್ದಾರೆ' ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ಬಾಳಸಂಗಾತಿ ತೀರಿಕೊಂಡು ಮನೆಯಲ್ಲಿ ಒಬ್ಬರೇ ಉಳಿದಾಗ ಫೋನಿನಲ್ಲಿ ಬರುವ ಮಾತು ಒಂದೇ: 'ಒಬ್ಳೇ ಯಾಕಿರ್ತೀಯಮ್ಮ? ಮನೆ ಮಾರಿ ಇಲ್ಲಿಗೇ ಬಂದ್ಬಿಡು.'

ಮಾತಿನ ಹಿಂದೆ ಪ್ರೀತಿ ಇದೆ, ಸಂದೇಹವಿಲ್ಲ. ಆದರೆ ತಿಂಗಳಿಗೆ ಇಷ್ಟೇ ಎಂದು ಗೊತ್ತುಪಡಿಸಿದ ಪಿಂಚಣಿಯ ಮೇಲೆ ಬದುಕುವವರು ಕಡಲು ದಾಟಿ ನೆಲೆಸಬಹುದೇ? ಅದಕ್ಕೆ ಏನೇನು ಬೇಕು? ಏನನ್ನು ಬಿಟ್ಟುಕೊಡಬೇಕಾಗುತ್ತದೆ? ಪರದೆಯ ಮೇಲಿನ ಮಾತುಕತೆಯಲ್ಲಿ ಇಂಥ ಲೆಕ್ಕಗಳನ್ನು ಬಿಡಿಸಿ ಹೇಳಲು ಸಮಯ ಸಾಲುವುದಿಲ್ಲ. ಇಲ್ಲಿ ಅವನ್ನು ಒಂದೊಂದಾಗಿ ನೋಡೋಣ.

ನಿಮ್ಮದು ಯಾವ ಪಿಂಚಣಿ?

ಮೊದಲು ತಿಳಿಯಬೇಕಾದದ್ದು ಪಿಂಚಣಿಯ ಮೊತ್ತವಲ್ಲ, ಅದರ ಸ್ವಭಾವ. ಹಳೆಯ ಪದ್ಧತಿಯಲ್ಲಿ ನಿವೃತ್ತರಾದ ಶಾಲಾ ಶಿಕ್ಷಕರು, ಕಂದಾಯ ಇಲಾಖೆಯವರು ಮೊದಲಾದ ಸರ್ಕಾರಿ ನೌಕರರಿಗೆ ಪಿಂಚಣಿಯ ಜೊತೆಗೆ ತುಟ್ಟಿಭತ್ಯೆ ಸಿಗುತ್ತದೆ. ಬೆಲೆ ಏರಿದಂತೆ ಅದೂ ಸ್ವಲ್ಪ ಏರುತ್ತದೆ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರ ಕಥೆ ಬೇರೆ. ಅವರಿಗೆ ಬರುವುದು 1995ರ ನೌಕರರ ಪಿಂಚಣಿ ಯೋಜನೆಯ ಹಣ. ಇದರ ಕನಿಷ್ಠ ಮೊತ್ತವನ್ನು 2014ರ ಸೆಪ್ಟೆಂಬರ್‌ನಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿ ಮಾಡಲಾಯಿತು. ಇದಕ್ಕೆ ತುಟ್ಟಿಭತ್ಯೆ ಇಲ್ಲ. 2006ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರಿ ಸೇವೆಗೆ ಸೇರಿದವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಬರುತ್ತಾರೆ. ಅಲ್ಲಿ ಕೊಳ್ಳುವ ವರ್ಷಾಶನಕ್ಕೂ ತುಟ್ಟಿಭತ್ಯೆಯ ಆಸರೆ ಇಲ್ಲ.

ಇದರ ಪರಿಣಾಮವೇನು? ಬೆಲೆಗಳು ವರ್ಷಕ್ಕೆ ಶೇಕಡ 6ರಂತೆ ಏರಿದರೆ 12 ವರ್ಷದಲ್ಲಿ ದುಪ್ಪಟ್ಟಾಗುತ್ತವೆ. ಅರುವತ್ತರಲ್ಲಿ ನಿವೃತ್ತರಾದವರ ಏರದ ಪಿಂಚಣಿ ಎಪ್ಪತ್ತೆರಡರ ಹೊತ್ತಿಗೆ ಅರ್ಧ ಸಾಮಾನನ್ನಷ್ಟೇ ತಂದೀತು. ಊರಿನಲ್ಲಿದ್ದರೂ ಇದು ಸತ್ಯ. ಪರದೇಶದಲ್ಲಿ ಇದರ ಮೇಲೆ ಇನ್ನೊಂದು ಹೊರೆ ಬೀಳುತ್ತದೆ.

ಗಡಿ ದಾಟಿದ ರೂಪಾಯಿ

ತಿಂಗಳಿಗೆ 25,000 ರೂಪಾಯಿ ಪಿಂಚಣಿ ಎಂದು ಹಿಡಿಯಿರಿ. 2000ನೇ ಇಸವಿಯ ಸುಮಾರಿಗೆ ಒಂದು ಡಾಲರಿಗೆ 45 ರೂಪಾಯಿಯಷ್ಟಿತ್ತು. ಆ ದರದಲ್ಲಿ ಈ ಹಣ 555 ಡಾಲರ್ ಆಗುತ್ತಿತ್ತು. 2024ರ ಡಿಸೆಂಬರ್‌ನಲ್ಲಿ ಡಾಲರಿನ ಬೆಲೆ 85 ರೂಪಾಯಿಯನ್ನು ದಾಟಿತು. 85ರ ದರದಲ್ಲೇ ಲೆಕ್ಕ ಹಾಕಿದರೂ ಸಿಗುವುದು 294 ಡಾಲರ್. ಪಿಂಚಣಿ ಒಂದು ರೂಪಾಯಿಯೂ ಇಳಿಯದೆ, ಕೈಗೆ ಬರುವ ಡಾಲರ್ ಅರ್ಧದ ಹತ್ತಿರಕ್ಕೆ ಬಂತು.

ಇನ್ನೊಂದು ದಿಕ್ಕಿನಿಂದಲೂ ನೋಡಿ. ಅದೇ 25,000 ರೂಪಾಯಿ ತಿ. ನರಸೀಪುರದಲ್ಲಿ ಏಕೆ ಸಾಲುತ್ತದೆ? ಮನೆ ಸ್ವಂತದ್ದು, ಬಾಡಿಗೆಯಿಲ್ಲ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಮೈಸೂರಿಗೆ ಹೋಗಿಬರುವ ಸಾಮಾನ್ಯ ಬಸ್ಸಿನ ಖರ್ಚಿಲ್ಲ. ತಾಲ್ಲೂಕು ಆಸ್ಪತ್ರೆ ಊರಲ್ಲೇ ಇದೆ. ಕೆ.ಆರ್. ಆಸ್ಪತ್ರೆ, ಜಯದೇವ ಹೃದ್ರೋಗ ಆಸ್ಪತ್ರೆಗಳು ಮೈಸೂರಿನಲ್ಲಿವೆ. ಅಂಗಡಿಯವರು ಪರಿಚಯಸ್ಥರು, ತಿಂಗಳ ಕೊನೆಯಲ್ಲಿ ಲೆಕ್ಕ ಬರೆದುಕೊಳ್ಳುತ್ತಾರೆ. ಅಂದರೆ ನಿಮ್ಮ ಜೀವನ ನಡೆಸುತ್ತಿರುವುದು ಪಿಂಚಣಿ ಒಂದೇ ಅಲ್ಲ. ಅದರ ಜೊತೆಗೆ ಊರು ಕೊಡುವ ಹಲವು ಅನುಕೂಲಗಳೂ ಸೇರಿವೆ. ಬ್ಯಾಂಕು ನಿಮ್ಮ ಪಿಂಚಣಿಯನ್ನು ಪರದೇಶಕ್ಕೆ ಕಳುಹಿಸಬಲ್ಲದು, ಈ ಅನುಕೂಲಗಳನ್ನು ಕಳುಹಿಸಲಾರದು. ನಮ್ಮ ಹಿರಿಯರು ಲೆಕ್ಕ ಹಾಕುವಾಗ ಬಿಟ್ಟುಬಿಡುವುದು ಇದನ್ನೇ.

ಇರಲು ಎಷ್ಟು ದಿನ ಅನುಮತಿ?

ಮಗನ ಮನೆಯಲ್ಲಿ ಜಾಗವಿದ್ದರೆ ಸಾಲದು, ಆ ದೇಶದ ಕಾನೂನು ಜಾಗ ಕೊಡಬೇಕು. ಅಮೆರಿಕಕ್ಕೆ ಸಂದರ್ಶಕರ ವೀಸಾದಲ್ಲಿ ಹೋದವರಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳವರೆಗೆ ಇರಲು ಬಿಡುತ್ತಾರೆ. ಅಲ್ಲೇ ನೆಲೆಸಬೇಕಾದರೆ ಗ್ರೀನ್ ಕಾರ್ಡ್ ಬೇಕು. ತಂದೆತಾಯಿಗಾಗಿ ಅದಕ್ಕೆ ಅರ್ಜಿ ಹಾಕುವ ಮಗ ಅಥವಾ ಮಗಳು ಅಮೆರಿಕದ ಪ್ರಜೆಯೇ ಆಗಿರಬೇಕು, 21 ವರ್ಷ ತುಂಬಿರಬೇಕು. ಕೆಲಸದ ವೀಸಾದಲ್ಲಿರುವ ಮಕ್ಕಳಿಗೆ, ಸ್ವತಃ ಗ್ರೀನ್ ಕಾರ್ಡ್ ಮಾತ್ರ ಇರುವ ಮಕ್ಕಳಿಗೆ ಈ ಅವಕಾಶವಿಲ್ಲ. ಕಾರ್ಡ್ ಸಿಕ್ಕಮೇಲೆ 'ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ' ಎಂದು ವರ್ಷಾನುಗಟ್ಟಲೆ ಓಡಾಡುವುದೂ ಸುಲಭವಲ್ಲ. ಕಾರ್ಡ್ ಇರುವುದು ಅಲ್ಲಿ ವಾಸಿಸುವವರಿಗಾಗಿ.

ಬ್ರಿಟನ್ 2012ರ ಜುಲೈನಲ್ಲಿ ತನ್ನ ನಿಯಮವನ್ನು ಬಹಳ ಬಿಗಿ ಮಾಡಿತು. ವಯಸ್ಸು, ಕಾಯಿಲೆ ಅಥವಾ ಅಂಗವಿಕಲತೆಯ ಕಾರಣ ದಿನನಿತ್ಯದ ಕೆಲಸಗಳಿಗೇ ಇನ್ನೊಬ್ಬರ ಆರೈಕೆ ಬೇಕು, ಅದು ಸ್ವದೇಶದಲ್ಲಿ ಹಣ ಕೊಟ್ಟರೂ ಸಿಗುವುದಿಲ್ಲ ಎಂದು ತೋರಿಸಬೇಕು. ಕೆನಡಾದ ದಾರಿ ಸ್ವಲ್ಪ ಸುಗಮ. 2011ರಲ್ಲಿ ಆರಂಭವಾದ ಅಲ್ಲಿನ ಸೂಪರ್ ವೀಸಾದಲ್ಲಿ 2022ರ ಜುಲೈನಿಂದ ಒಂದು ಸಲಕ್ಕೆ ಐದು ವರ್ಷದವರೆಗೆ ಇರಬಹುದು. ಆದರೆ ಕನಿಷ್ಠ ಒಂದು ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಮಾಡಿಸಿರಬೇಕು.

ಮಕ್ಕಳ ಹಂಗಿಲ್ಲದೆ, ಖರ್ಚು ಕಡಿಮೆ ಇರುವ ದೇಶದಲ್ಲಿ ತಾವೇ ನೆಲೆಸುತ್ತೇವೆ ಎನ್ನುವವರೂ ಇದ್ದಾರೆ. ಐವತ್ತು ದಾಟಿದವರಿಗೆ ಥಾಯ್ಲೆಂಡ್ ನಿವೃತ್ತಿ ವೀಸಾ ಕೊಡುತ್ತದೆ. ಅದಕ್ಕೆ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಠೇವಣಿ ಅಥವಾ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಇದು ತಿಂಗಳಿಗೆ ಒಂದೂವರೆ ಲಕ್ಷ ರೂಪಾಯಿಗೂ ಮೀರಿದ ಮಾತು, ನಮ್ಮ ಸಾಧಾರಣ ಪಿಂಚಣಿದಾರರ ಕೈಗೆ ಎಟುಕುವಂಥದ್ದಲ್ಲ. ವೀಸಾ ಇಲ್ಲದೆ ಭಾರತೀಯರು ಹೋಗಿ ಇರಬಹುದಾದ ನೆರೆದೇಶ ನೇಪಾಳ. 1950ರ ಒಪ್ಪಂದ ಇದಕ್ಕೆ ಆಧಾರ. ಅಲ್ಲಿ 1993ರಿಂದ ನಮ್ಮ ಒಂದು ರೂಪಾಯಿಗೆ ಅವರ 1.60 ರೂಪಾಯಿ ಎಂದು ದರವೂ ನಿಂತಿದೆ. ಆದರೂ ನಂಜುಂಡೇಶ್ವರನ ಊರಿನವರು ಪಶುಪತಿನಾಥನ ದರ್ಶನ ಮಾಡಿಕೊಂಡು ಹಿಂತಿರುಗುವುದೇ ವಾಡಿಕೆ.

ಕಾಯಿಲೆ ಬಿದ್ದರೆ?

ಸಾಧಾರಣ ಆದಾಯದವರ ಯೋಜನೆ ಕುಸಿಯುವುದು ಹೆಚ್ಚಾಗಿ ಇಲ್ಲೇ. ಅಮೆರಿಕದಲ್ಲಿ ಅರುವತ್ತೈದು ದಾಟಿದವರಿಗೆ ಮೆಡಿಕೇರ್ ಇದೆ, ನಿಜ. ಆದರೆ ಅಲ್ಲಿ ದುಡಿಯದೆ ಗ್ರೀನ್ ಕಾರ್ಡ್ ಪಡೆದು ಹೋದ ತಾಯಿತಂದೆಯರು ಸತತವಾಗಿ ಐದು ವರ್ಷ ಅಲ್ಲಿದ್ದ ಮೇಲಷ್ಟೇ, ಹಣ ಕಟ್ಟಿ ಅದನ್ನು ಪಡೆಯಬಹುದು. ಅಲ್ಲಿಯವರೆಗೆ ಖಾಸಗಿ ವಿಮೆ ಬೇಕು. ಸಂದರ್ಶಕರಿಗೆಂದು ಮಾರುವ ಪಾಲಿಸಿಗಳಲ್ಲಿ ಮೊದಲೇ ಇದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆಗಳನ್ನು ಹಲವು ವೇಳೆ ಹೊರಗಿಡುತ್ತಾರೆ. ಬ್ರಿಟನ್ನಿನಲ್ಲಿ ಸಂದರ್ಶಕರು ಆಸ್ಪತ್ರೆಗೆ ದಾಖಲಾದರೆ ನಿಗದಿತ ದರದ ಒಂದೂವರೆಪಟ್ಟು ಹಣ ಕೊಡಬೇಕಾಗುತ್ತದೆ.

ಆದ್ದರಿಂದ ವಿಮಾನದ ಟಿಕೆಟಿಗಿಂತ ಮೊದಲು ವಿಮೆಯ ಪತ್ರವನ್ನು ಓದಿಸಿ ಕೇಳಿ. 'ನನಗೆ ಈಗಾಗಲೇ ಇರುವ ಕಾಯಿಲೆಗೆ ಹಣ ಕೊಡುತ್ತಾರೆಯೇ?' ಎಂಬ ಪ್ರಶ್ನೆಗೆ ಬಾಯಿಮಾತಿನ ಉತ್ತರ ಬೇಡ, ಬರಹದಲ್ಲಿ ಬೇಕು.

ಹಿಂದೆ ಬಿಟ್ಟುಹೋಗುವ ಹಣ, ಮನೆ

ಆರು ತಿಂಗಳ ಭೇಟಿಗೆ ಹೋಗಿಬರುವವರಿಗೆ ಹೆಚ್ಚು ಬದಲಾವಣೆ ಇಲ್ಲ. ಅಲ್ಲೇ ನೆಲೆಸುವ ಉದ್ದೇಶದಿಂದ ಹೊರಟವರು ಬ್ಯಾಂಕಿಗೆ ತಿಳಿಸಿ ತಮ್ಮ ಉಳಿತಾಯ ಖಾತೆಯನ್ನು ಎನ್.ಆರ್.ಓ. ಖಾತೆಯಾಗಿ ಬದಲಿಸಿಕೊಳ್ಳಬೇಕು. ಪಿಂಚಣಿ ಆ ಖಾತೆಗೇ ಬರುತ್ತದೆ, ತೆರಿಗೆ ಕಳೆದು ಉಳಿದದ್ದನ್ನು ಹೊರದೇಶಕ್ಕೆ ಕಳುಹಿಸಿಕೊಳ್ಳಲು ಅಡ್ಡಿಯಿಲ್ಲ. ಆದರೆ ಆ ಖಾತೆಯ ಬಡ್ಡಿಯಿಂದ ಶೇಕಡ 30ರ ದರದಲ್ಲಿ ತೆರಿಗೆ ಮುರಿದುಕೊಳ್ಳುತ್ತಾರೆ. ಆದಾಯ ಕಡಿಮೆ ಎಂದು ಬರೆದುಕೊಟ್ಟು ಇದನ್ನು ತಪ್ಪಿಸಿಕೊಳ್ಳುವ ಸೌಲಭ್ಯ ಇಲ್ಲಿ ವಾಸಿಸುವವರಿಗಷ್ಟೇ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರ ಏಪ್ರಿಲ್‌ನಲ್ಲಿ ಬಡ್ಡಿ ಶೇಕಡ 8.2 ಆಯಿತು. ಆ ದರದಲ್ಲಿ 10 ಲಕ್ಷ ರೂಪಾಯಿ ಇಟ್ಟವರಿಗೆ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ ಬರುತ್ತದೆ. ವಿದೇಶವಾಸಿಯಾದ ಮೇಲೆ ಇದರಲ್ಲಿ ಹೊಸ ಖಾತೆ ತೆರೆಯುವಂತಿಲ್ಲ.

ಪ್ರತಿವರ್ಷ ನವೆಂಬರ್‌ನಲ್ಲಿ ಕೊಡುವ ಜೀವಿತ ಪ್ರಮಾಣಪತ್ರವನ್ನು ಮರೆಯಬೇಡಿ. 2014ರ ನವೆಂಬರ್‌ನಲ್ಲಿ ಬಂದ ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ ಇದನ್ನು ಗಣಕಯಂತ್ರದ ಮೂಲಕ ಕೊಡಬಹುದು. 2021ರಿಂದ ಮೊಬೈಲ್ ಫೋನಿಗೆ ಮುಖ ತೋರಿಸಿ ಕೊಡುವ ಅನುಕೂಲವೂ ಇದೆ. ನಿಮ್ಮ ಪಿಂಚಣಿಗೆ ಯಾವ ವಿಧಾನ ನಡೆಯುತ್ತದೆ ಎಂದು ಹೊರಡುವ ಮೊದಲೇ ಬ್ಯಾಂಕಿನಲ್ಲಿ ಕೇಳಿಕೊಳ್ಳಿ.

ಇನ್ನು ಮನೆಯ ಮಾತು. ಬೀಗ ಹಾಕಿದ ಮನೆಗೂ ಕಂದಾಯವಿದೆ, ಗೆದ್ದಲಿದೆ. ಕಪಿಲೆಯ ದಡದವರಿಗೆ 2018 ಮತ್ತು 2019ರ ಪ್ರವಾಹ ನೆನಪಿರಬಹುದು. ನೀರು ಏರುವಾಗ ಸಾಮಾನು ಎತ್ತಿಡುವವರು ಯಾರಾದರೂ ಬೇಕಲ್ಲವೇ? ನಂಬಿಕಸ್ಥರಿಗೆ ಅಧಿಕಾರಪತ್ರ ಬರೆದುಕೊಡುವುದಾದರೆ ಬಾಡಿಗೆ ವಸೂಲಿ, ಕಂದಾಯ, ದುರಸ್ತಿ ಎಂದು ಕೆಲಸಗಳನ್ನು ಹೆಸರಿಸಿ ಬರೆಯಿರಿ. ಮಾರುವ ಅಧಿಕಾರವನ್ನು ಅದರಲ್ಲಿ ಸೇರಿಸಬೇಡಿ.

ಹೊರಡುವ ಭರದಲ್ಲಿ ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡುವವರು ಇನ್ನೊಂದು ವಿಷಯ ತಿಳಿದಿರಬೇಕು. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಮಿನಂತೆ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದೆ ಹೋದರೆ ಹಿಂದಕ್ಕೆ ಕೇಳಬಹುದು. ಆ ಷರತ್ತು ಪತ್ರದಲ್ಲೇ ಇದ್ದರೆ ವಾದಕ್ಕೆ ಎಡೆಯಿರುವುದಿಲ್ಲ. ಇಂಥ ಅರ್ಜಿಗಳನ್ನು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ವಿಚಾರಿಸುತ್ತದೆ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳು ಮೈಸೂರು ಉಪವಿಭಾಗಕ್ಕೆ ಸೇರಿವೆ.

ಅಲ್ಲಿಂದ ಇಲ್ಲಿಗೆ ಬರುವವರು

ಹೊರದೇಶದಲ್ಲಿ ದುಡಿದು, ಮುಪ್ಪಿನಲ್ಲಿ ಊರಿಗೆ ಮರಳಬೇಕೆನ್ನುವವರಿಗೂ ಲೆಕ್ಕವಿದೆ. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಆ ದೇಶದಲ್ಲಿದ್ದರೆ ಪ್ರತಿವರ್ಷ ಏರುತ್ತದೆ. ಭಾರತದಲ್ಲಿ ನೆಲೆಸಿದವರಿಗೆ ಆ ಏರಿಕೆ ಇಲ್ಲ. ಪರದೇಶದ ಪೌರತ್ವ ಪಡೆದವರು ಓ.ಸಿ.ಐ. ಕಾರ್ಡಿನ ಮೇಲೆ ಇಲ್ಲಿ ಎಷ್ಟು ಕಾಲ ಬೇಕಾದರೂ ಇರಬಹುದು, ಮನೆ ಕೊಳ್ಳಬಹುದು. ಆದರೆ ಮತದಾನದ ಹಕ್ಕಿಲ್ಲ. ನಾಲೆಯ ಬಯಲಿನಲ್ಲಿ ಒಂದೆರಡು ಎಕರೆ ಗದ್ದೆ ಕೊಳ್ಳೋಣವೆಂದರೆ ಅದಕ್ಕೂ ಅವಕಾಶವಿಲ್ಲ. ಪಿತ್ರಾರ್ಜಿತವಾಗಿ ಬಂದ ಜಮೀನನ್ನು ಇಟ್ಟುಕೊಳ್ಳಬಹುದು.

ಒಂಟಿತನಕ್ಕೆ ಯಾವ ಲೆಕ್ಕ?

ಊರಿನಲ್ಲಿ ಒಬ್ಬರೇ ಇರುವುದು ಕಷ್ಟ ಎಂದು ಹೊರಟವರು ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಬ್ಬರೇ ಕೂರಬೇಕಾದೀತು. ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ. ಹೊರಗೆ ಹೋಗಲು ಕಾರು ಬೇಕು, ಚಳಿಗಾಲದಲ್ಲಿ ಕಾಲಿಡುವಂತಿಲ್ಲ. ಇಲ್ಲಿ ಒಂದು ದಿನ ಹಾಲು ತೆಗೆದುಕೊಳ್ಳದಿದ್ದರೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ಹಾಗೆಂದು ಇಲ್ಲಿಯ ಒಂಟಿತನವನ್ನು ಕಡೆಗಣಿಸುವಂತಿಲ್ಲ. ರಾತ್ರಿ ಎದೆನೋವು ಬಂದರೆ ಕರೆಯುವುದು ಯಾರನ್ನು ಎಂಬ ಅಂಜಿಕೆ ನಿಜವಾದದ್ದೇ. ಹತ್ತಿರದವರ ಬಳಿ ಮನೆಯ ಒಂದು ಬೀಗದ ಕೈ ಇರಲಿ. ಆಂಬುಲೆನ್ಸಿಗೆ 108, ಹಿರಿಯರ ಸಹಾಯವಾಣಿಗೆ 14567, ಈ ಎರಡನ್ನೂ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿಡಿ.

ಹೊರಡುವ ಮೊದಲು

ಈ ಐದು ಪ್ರಶ್ನೆಗಳನ್ನು ಮಕ್ಕಳ ಜೊತೆ ಕೂತು, ಕಾಗದದ ಮೇಲೆ ಬರೆದು ಉತ್ತರಿಸಿ:

1. ನನ್ನ ಪಿಂಚಣಿ ಬೆಲೆಯ ಜೊತೆ ಏರುತ್ತದೆಯೇ?
2. ಯಾವ ಕಾನೂನಿನ ಮೇಲೆ, ಎಷ್ಟು ಕಾಲ ಅಲ್ಲಿರಬಹುದು?
3. ಆಸ್ಪತ್ರೆ ಸೇರಿದರೆ ಹಣ ಕೊಡುವವರು ಯಾರು?
4. ಮಗನ ಕೆಲಸ ಹೋದರೆ ನನ್ನ ವಾಸದ ಗತಿ ಏನು?
5. ಮನಸ್ಸು ಒಗ್ಗದಿದ್ದರೆ ಹಿಂತಿರುಗಲು ಇಲ್ಲಿ ಮನೆ ಇದೆಯೇ?

ಐದನೆಯ ಪ್ರಶ್ನೆಗೆ 'ಇದೆ' ಎಂಬ ಉತ್ತರ ಉಳಿಸಿಕೊಂಡವರು ಉಳಿದ ನಾಲ್ಕರಲ್ಲಿ ಎಡವಿದರೂ ಸುಧಾರಿಸಿಕೊಳ್ಳಬಲ್ಲರು. ಮೊದಲು ಒಂದು ಸಲ ಸಂದರ್ಶಕರಾಗಿ ಹೋಗಿ, ಸಾಧ್ಯವಾದರೆ ಅಲ್ಲಿಯ ಒಂದು ಚಳಿಗಾಲ ಕಳೆದು ಬನ್ನಿ. ಮೊಮ್ಮಕ್ಕಳನ್ನು ಕಣ್ತುಂಬ ನೋಡಿ. ಮನೆ ಮಾರುವ ಮಾತನ್ನು ಅದಾದ ಮೇಲೆ ಆಡಿದರೆ ಸಾಕು.