ಕಂಡದ್ದೆಲ್ಲವೂ ಪ್ರತ್ಯಕ್ಷವೆ?

ಯುದ್ಧವು ಎಷ್ಟೇ ದೂರದ ದೇಶದಲ್ಲಿ ನಡೆಯಲಿ, ಅದರ ಚಿತ್ರಗಳು ಈಗ ನಮ್ಮ ಅಡಿಗೆಯ ಮನೆಯವರೆಗೂ ಬರುತ್ತವೆ. ಹಿಂದೆ ವೃತ್ತಪತ್ರಿಕೆಗಳಲ್ಲಿ ಬರುತ್ತಿದ್ದುವು. ಈಗ ಅಂಗೈಯಲ್ಲಿರುವ ಮೊಬೈಲಿನಲ್ಲಿ ಬರುತ್ತವೆ. ಅವುಗಳನ್ನು ನಂಬುವುದೆ, ಬಿಡುವುದೆ, ನಂಬಿದರೆ ಎಷ್ಟರಮಟ್ಟಿಗೆ ಎಂಬ ಪ್ರಶ್ನೆಯು ಗೃಹಸ್ಥರಾದ ನಮಗೆಲ್ಲರಿಗೂ ಒದಗಿದೆ. ಈ ವಿಷಯದಲ್ಲಿ ನಾವೇ ಎಡವಿದವರಾದುದರಿಂದ ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ.

ಕೆಲವು ತಿಂಗಳ ಹಿಂದೆ ಒಂದು ಸಂಜೆ ಪಾಂಡವಪುರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತಿದ್ದಾಗ ಅಂಥ ಒಂದು ಛಾಯಾಚಿತ್ರವು ಬಂದಿತು. ಕುಸಿದ ಗೋಡೆಯ ಬದಿಯಲ್ಲಿ ಮೂವರು ಮಕ್ಕಳ ಶವಗಳು. ಇದು ಈಗಿನ ಯುದ್ಧದ್ದೆಂದೂ ಇಂಥ ಮತದವರ ಕೃತ್ಯವೆಂದೂ ಕೆಳಗೆ ಎರಡು ಸಾಲು. ನಮ್ಮ ಕಣ್ಣು ಮಂಜಾಯಿತು. ವಿಚಾರಿಸದೆ, ನಮ್ಮದೂ ಒಂದು ಕಟುವಾಕ್ಯವನ್ನು ಸೇರಿಸಿ, ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಕಳುಹಿಸಿಬಿಟ್ಟೆವು. ಅದೇ ಮತಕ್ಕೆ ಸೇರಿದ ಶಿಷ್ಯನೊಬ್ಬನು ಆ ಗುಂಪಿನಲ್ಲಿದ್ದಾನೆ. ನಾಗಮಂಗಲದಲ್ಲಿ ಬಟ್ಟೆಯ ಅಂಗಡಿ ಇಟ್ಟುಕೊಂಡಿದ್ದಾನೆ. ಅವನು ಜಗಳವಾಡಲಿಲ್ಲ. “ಮೇಷ್ಟ್ರೇ, ಯಾರು ಹೇಳಿದ್ದು, ಯಾವಾಗ ಹೇಳಿದ್ದು ಅಂತ ಕೇಳೋದನ್ನ ನಮಗೆ ಕಲಿಸಿದವರು ನೀವೇ. ಈ ಫೋಟೋ ಯಾರು ತೆಗೆದದ್ದು?” ಎಂದಷ್ಟೇ ಬರೆದನು. ನಮ್ಮಲ್ಲಿ ಉತ್ತರವಿರಲಿಲ್ಲ. ಮೊಮ್ಮಗಳು ಹುಡುಕಿ ತೋರಿಸಿದಳು: ಆ ಚಿತ್ರವು ಎಷ್ಟೋ ವರ್ಷಗಳ ಹಿಂದೆಯೇ ಬೇರೊಂದು ದೇಶದ ಯುದ್ಧದ್ದೆಂದು ಪತ್ರಿಕೆಯಲ್ಲಿ ಅಚ್ಚಾಗಿದ್ದಿತು.

ನಲವತ್ತು ವರ್ಷ ಸಂಸ್ಕೃತವನ್ನು ಓದಿದವರು ನಾವು ಎಲ್ಲಿ ತಪ್ಪಿದೆವು? ನೈಯಾಯಿಕರು ಪ್ರತ್ಯಕ್ಷವನ್ನೂ ಶಬ್ದವನ್ನೂ ಬೇರೆ ಬೇರೆ ಪ್ರಮಾಣಗಳೆಂದು ಎಣಿಸಿದ್ದಾರೆ. ಛಾಯಾಚಿತ್ರದಲ್ಲಿ ಕಣ್ಣಿಗೆ ಕಾಣುವುದು ಗೋಡೆ, ಧೂಳು, ದೇಹ, ಇಷ್ಟೆ. ಊರಾವುದು, ದಿನವಾವುದು, ಕೊಂದವರಾರು ಎಂಬುದು ಚಿತ್ರದಲ್ಲಿಲ್ಲ, ಕೆಳಗಿನ ಬರಹದಲ್ಲಿದೆ. ಬರಹವು ಶಬ್ದ. ಶಬ್ದವು ಪ್ರಮಾಣವೆನಿಸಬೇಕಾದರೆ ಹೇಳಿದವನು ಆಪ್ತನಾಗಿರಬೇಕು, ಎಂದರೆ ವಿಷಯವನ್ನು ಬಲ್ಲವನೂ ಬಲ್ಲಂತೆಯೇ ಹೇಳುವವನೂ ಆಗಿರಬೇಕು. ನಾವು ಯಾರೋ ಅಪರಿಚಿತನ ಮಾತನ್ನು ನಮ್ಮ ಕಣ್ಣೇ ಕಂಡದ್ದೆಂದು ಭಾವಿಸಿದೆವು.

ಇದು ಇಂದಿನ ವ್ಯಾಧಿಯಲ್ಲ. ಛಾಯಾಚಿತ್ರವು ಹುಟ್ಟುವುದಕ್ಕೆ ಮೊದಲೇ ನಮ್ಮ ನೆರೆಯ ಶ್ರೀರಂಗಪಟ್ಟಣದ ಯುದ್ಧಗಳು ಚಿತ್ರಕಾರರ ಕೈಗೆ ಸಿಕ್ಕಿದ್ದುವು. 1784ರ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧವನ್ನು ನಾವೆಲ್ಲರೂ ನೋಡಿದ್ದೇವೆ. ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೇಲಿಯನ್ನು ಮಕ್ಕಳಿಗೆ ಬೆರಳಿಟ್ಟು ತೋರಿಸಿದ್ದೇವೆ. ಅದು ಗೆದ್ದವರು ಬರೆಯಿಸಿದ ಚಿತ್ರ. ಮೇಲಾಗಿ ಕಾಲಾಂತರದಲ್ಲಿ ಮತ್ತೆ ಬಣ್ಣ ಕಂಡದ್ದು. ಅದೇ ಯುದ್ಧದಲ್ಲಿ ಸೆರೆಸಿಕ್ಕಿದ ಡೇವಿಡ್ ಬೇರ್ಡ್ ಎಂಬುವನು 1784ರವರೆಗೆ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದು, 1799ರ ಮೇ 4ರಂದು ಕೋಟೆಗೆ ನುಗ್ಗಿದ ಸೇನೆಯ ಮುಂದಾಳಾದನು. ಅಂದು ರಾತ್ರಿ ಅವನು ಟೀಪುವಿನ ಶವವನ್ನು ಕಂಡ ಸಂದರ್ಭವನ್ನು ಡೇವಿಡ್ ವಿಲ್ಕಿ ಎಂಬ ಚಿತ್ರಕಾರನು ಬರೆದನು. ಆ ಚಿತ್ರವು ಲಂಡನ್ನಿನಲ್ಲಿ ಪ್ರದರ್ಶಿತವಾದದ್ದು 1839ರಲ್ಲಿ, ನಲವತ್ತು ವರ್ಷಗಳ ತರುವಾಯ. ವಿಲ್ಕಿಯು ನಮ್ಮ ದೇಶವನ್ನೇ ಕಂಡವನಲ್ಲ. ಆದರೂ ಬೇರ್ಡನ ಪಾದದಡಿಯಲ್ಲಿ ಸೆರೆಮನೆಯ ಕಂಬಿಯ ಕಿಂಡಿಯೊಂದನ್ನು ಬರೆದಿದ್ದಾನೆ. ಸೆರೆಯಾಳಾಗಿದ್ದವನೇ ವಿಜಯಿಯಾದನೆಂಬ ಕಥೆಗೆ ಆ ಕಿಂಡಿಯು ಬೇಕಾಗಿದ್ದಿತು. ಹಾಗೆಂದು ಸೆರೆವಾಸವೇ ಸುಳ್ಳೆಂದರೆ ಅದೂ ತಪ್ಪು. ಬೇಲಿಯು 1782ರಲ್ಲಿ ಸೆರೆಯಲ್ಲಿಯೇ ಸತ್ತನು.

ಯಂತ್ರವು ಬಂದ ಮೇಲಾದರೂ ಈ ಜೋಡಣೆ ನಿಂತಿತೆ? 1857ರ ನವೆಂಬರಿನಲ್ಲಿ ಲಖ್ನೋದ ಸಿಕಂದರಬಾಗಿನಲ್ಲಿ ಸುಮಾರು 2000 ಮಂದಿ ಸಿಪಾಯಿಗಳು ಹತರಾದರು. ಫೆಲಿಸ್ ಬಿಯಾಟೊ ಎಂಬುವನು ಅಲ್ಲಿ ಛಾಯಾಚಿತ್ರವನ್ನು ತೆಗೆದದ್ದು 1858ರಲ್ಲಿ, ತಿಂಗಳುಗಳು ಕಳೆದ ಮೇಲೆ. ಅಂಗಳದ ತುಂಬ ಚೆಲ್ಲಿರುವ ಎಲುಬುಗಳನ್ನು ಚಿತ್ರಕ್ಕಾಗಿಯೇ ಹೊರತೆಗೆಯಿಸಲಾಯಿತೆಂದು ಆ ಕಾಲದವರೊಬ್ಬರು ಬರೆದಿಟ್ಟಿದ್ದಾರೆ. ನೋಟವು ಜೋಡಿಸಿದ್ದು, ಸಾವು ಮಾತ್ರ ಜೋಡಿಸಿದ್ದಲ್ಲ.

ಸುಳ್ಳಿನಿಂದಾಗುವ ದೊಡ್ಡ ಕೇಡೆಂದರೆ ಅದು ಮುಂದೆ ಬರುವ ಸತ್ಯದ ಬಾಯನ್ನು ಕಟ್ಟುತ್ತದೆ. ಜರ್ಮನರು ಹೆಣಗಳನ್ನು ಕಾಯಿಸಿ ಕೊಬ್ಬು ತೆಗೆಯುವ ಕಾರಖಾನೆಯನ್ನಿಟ್ಟಿದ್ದಾರೆಂದು 1917ರಲ್ಲಿ ಇಂಗ್ಲಿಷ್ ಪತ್ರಿಕೆಗಳು ಸಾರಿದುವು. ಅದಕ್ಕೆ ಆಧಾರವಿಲ್ಲವೆಂಬುದನ್ನು 1925ರಲ್ಲಿ ಅಲ್ಲಿನ ಸರ್ಕಾರವೇ ಪಾರ್ಲಿಮೆಂಟಿನಲ್ಲಿ ಒಪ್ಪಿಕೊಳ್ಳಬೇಕಾಯಿತು. ಮುಂದೆ ಹಿಟ್ಲರನ ಕಾಲದಲ್ಲಿ ನಿಜವಾದ ಘೋರಗಳ ಸುದ್ದಿ ಬಂದಾಗ, ಇದೂ ಅಂಥದೇ ಇರಬೇಕೆಂದು ತಲೆಕೊಡವಿದವರು ಹಲವರು. 1944ರಲ್ಲಿ ಔಶ್ವಿಟ್ಸ್ ಶಿಬಿರದ ಸೆರೆಯಾಳುಗಳು ಪ್ರಾಣದಾಸೆಯನ್ನು ತೊರೆದು ಗುಟ್ಟಾಗಿ ನಾಲ್ಕು ಛಾಯಾಚಿತ್ರಗಳನ್ನು ತೆಗೆದು ಹೊರಗೆ ಸಾಗಿಸಿದರು. ಅವು ಮಸುಕಾಗಿವೆ, ಓರೆಯಾಗಿವೆ. ಆದರೆ ತೆಗೆದವರಾರು, ಎಲ್ಲಿ, ಏಕೆ ಎಂಬುದಕ್ಕೆ ಸಾಕ್ಷ್ಯವುಂಟು. ಅದರಿಂದಲೇ ಅವು ಪ್ರಮಾಣ.

ಇನ್ನು ಚಿತ್ರವಿಲ್ಲದಿದ್ದರೆ ದುಃಖವೂ ಇರಲಿಲ್ಲವೆನ್ನಬಹುದೆ? 1792ರಲ್ಲಿ ಮರಾಠರ ಸೇನೆಯು ನಮ್ಮ ನಾಗಮಂಗಲವನ್ನೇ ಹಾಳುಗೆಡವಿತು. ಅಲ್ಲಿ ಅತ್ತವರ ಮುಖಗಳನ್ನು ಲಂಡನ್ನಿನ ಯಾವ ಚಿತ್ರಶಾಲೆಯೂ ತೂಗುಹಾಕಲಿಲ್ಲ.

ಆದಕಾರಣ ಎಲ್ಲವನ್ನೂ ನಂಬುವುದು ಹೇಗೆ ಮೌಢ್ಯವೋ, ಎಲ್ಲವನ್ನೂ ಸುಳ್ಳೆಂದು ತಳ್ಳುವುದೂ ಹಾಗೆಯೇ ನಿರ್ದಯತೆ. ಇಲ್ಲದ ಮುಖಗಳನ್ನು ಯಂತ್ರವೇ ಸೃಷ್ಟಿಸುವ ಈ ದಿನಗಳಲ್ಲಿ ಗೃಹಸ್ಥನು ಮಾಡಬಹುದಾದದ್ದು ಇಷ್ಟು. ಚಿತ್ರವನ್ನು ತೆಗೆದವರ ಹೆಸರು, ಸ್ಥಳ, ದಿನಗಳು ಉಂಟೆ ಎಂದು ನೋಡುವುದು. ಅದೇ ಚಿತ್ರವು ಹಿಂದೆಲ್ಲಿ ಪ್ರಕಟವಾಗಿದೆಯೆಂದು ಮನೆಯ ಹುಡುಗರಿಂದ ಹುಡುಕಿಸುವುದು. ಅದು ನಮ್ಮಲ್ಲಿ ಯಾರ ಮೇಲೆ ಕೋಪವನ್ನು ಹುಟ್ಟಿಸುತ್ತಿದೆಯೆಂದು ಒಂದು ಕ್ಷಣ ನಮ್ಮನ್ನೇ ಕೇಳಿಕೊಳ್ಳುವುದು. ತಿಳಿಯದಿದ್ದರೆ ಕಳುಹಿಸದೆ ಸುಮ್ಮನಿರುವುದು.

ನಾವು ಅದೇ ಗುಂಪಿನಲ್ಲಿ ತಪ್ಪೊಪ್ಪಿಕೊಂಡು ಬರೆದೆವು. ಆದರೆ ಚಿತ್ರವು ಅಷ್ಟರಲ್ಲಿಯೇ ಕೃಷ್ಣರಾಜಪೇಟೆಯನ್ನು ಮುಟ್ಟಿದ್ದಿತು. ಮದುವೆಯ ಜವಳಿಗೆ ಪ್ರತಿಸಲವೂ ಶಿಷ್ಯನ ಅಂಗಡಿಗೇ ಬರುತ್ತಿದ್ದ ಅಲ್ಲಿನ ಮನೆಯೊಂದರವರು ಈ ಸಲ ಬರಲಿಲ್ಲವಂತೆ. ಕಾರಣವನ್ನು ಅವನು ಹೇಳಲಿಲ್ಲ; ನಾವು ಕೇಳಲೂ ಇಲ್ಲ. ಮುಂದಿನ ವಾರ ನಾವೇ ಕೃಷ್ಣರಾಜಪೇಟೆಗೆ ಹೋಗಿ ಆ ಮನೆಯ ಯಜಮಾನರನ್ನು ಕಂಡು ನಡೆದದ್ದನ್ನು ಹೇಳಿ ಬರಬೇಕೆಂದಿದ್ದೇವೆ.

ಚಿತ್ರದಲ್ಲಿದ್ದ ಮೂವರು ಮಕ್ಕಳು ಸತ್ತದ್ದಂತೂ ನಿಜ. ಅವರಿಗೂ ಒಂದು ಊರಿದ್ದಿತು, ತಾಯಿತಂದೆಗಳಿದ್ದರು. ಬೇರೆಯವರ ಜಗಳಕ್ಕೆ ಸಾಕ್ಷಿಯಾಗೆಂದು ಆ ಊರನ್ನು ಅವರಿಂದ ಕಿತ್ತುಕೊಂಡವರಲ್ಲಿ ನಾವೂ ಒಬ್ಬರಾದೆವು.