ಮೂರು ದಶಕದ ಮೇಲೆ ಮತ್ತೆ ಕುಂಚ

1962ರಲ್ಲಿ ರುಮಾಲೆ ಚೆನ್ನಬಸವಯ್ಯನವರಿಗೆ ಐವತ್ತು ದಾಟಿತ್ತು. ಸ್ವಾತಂತ್ರ್ಯ ಹೋರಾಟ, ಜೈಲು, ಕಾಂಗ್ರೆಸ್ ಸೇವಾದಳ, 'ತಾಯಿನಾಡು' ಪತ್ರಿಕೆಯ ಸಂಪಾದಕತ್ವ, ಎಲ್ಲವನ್ನೂ ಕಂಡಾಗಿತ್ತು. ಆ ವಯಸ್ಸಿನಲ್ಲಿ ರಾಜಕೀಯದಿಂದ ದೂರ ಸರಿದು ಅವರು ಮಾಡಿದ ಕೆಲಸವೆಂದರೆ, ಯೌವನದಲ್ಲಿ ಕೈಬಿಟ್ಟ ಕುಂಚವನ್ನು ಮತ್ತೆ ಹಿಡಿದದ್ದು.

1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ರುಮಾಲೆ ಬೆಂಗಳೂರಿನಲ್ಲಿ ಅ.ನ. ಸುಬ್ಬರಾಯರ ಕಲಾಮಂದಿರದಲ್ಲೂ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲೂ ಚಿತ್ರಕಲೆ ಕಲಿತವರು. ಗಾಂಧೀಜಿಯ ಕರೆ ಬಂತು, ಕಲಿಕೆ ಅರ್ಧಕ್ಕೆ ನಿಂತಿತು. ಮುಂದಿನ ಮೂರು ದಶಕ ಅವರ ಬದುಕಿನಲ್ಲಿ ದೇಶದ ಕೆಲಸ ಮುಂದೆ, ಚಿತ್ರ ಹಿಂದೆ.

ಮರಳಿ ಬಂದವರು ಮಾಡಿದ್ದೇನು? ಬಣ್ಣ ಹೊತ್ತು ಹೊರಗೆ ಹೋದರು. ಬೆಂಗಳೂರಿನ ಹೂಬಿಟ್ಟ ಮರಗಳ ಎದುರು, ಗುಲ್‌ಮೊಹರ್, ಜಕರಂಡಗಳ ಎದುರು ಕೂತರು. ಬಿಸಿಲು ಸರಿದರೆ ಮರದ ಬಣ್ಣವೂ ಸರಿಯುತ್ತದೆ. ಆದ್ದರಿಂದ ಒಂದೇ ಜಾಗಕ್ಕೆ ಅದೇ ಹೊತ್ತಿಗೆ ಮತ್ತೆ ಮತ್ತೆ ಹೋಗಿ ಚಿತ್ರ ಮುಗಿಸುವುದು ಅವರ ರೂಢಿ. ಗಿಡ್ಡ ಗಿಡ್ಡ ಗೆರೆಗಳಲ್ಲಿ ದಪ್ಪಗೆ ಕೂತ ಆ ಬಣ್ಣದಲ್ಲಿ ಕೆಂಪು ಹೂವಿನ ರಾಶಿ ಎದ್ದು ಕಾಣುತ್ತದೆ. ಬೆಂಗಳೂರು ಎಷ್ಟು ಹಸಿರಾಗಿತ್ತು ಎಂಬುದಕ್ಕೆ ಇಂದು ಆ ಚಿತ್ರಗಳೂ ಸಾಕ್ಷಿ. 1988ರಲ್ಲಿ ತೀರಿಕೊಳ್ಳುವವರೆಗೂ, ಸುಮಾರು 26 ವರ್ಷ, ಈ ಎರಡನೆಯ ಇನಿಂಗ್ಸ್ ನಡೆಯಿತು.

ಕುಂಚ ಬಿಟ್ಟು ಮತ್ತೆ ಹಿಡಿದ ಅಮೆರಿಕದ ಕಲಾವಿದೆ ಆಗ್ನೆಸ್ ಮಾರ್ಟಿನ್ ಅವರದು ಬೇರೆಯೇ ದಾರಿ. ಹೆಸರು ಬರುತ್ತಿದ್ದಾಗಲೇ, 1967ರಲ್ಲಿ, ಕುಂಚ ಬಣ್ಣಗಳನ್ನು ಇತರರಿಗೆ ಕೊಟ್ಟು ನ್ಯೂಯಾರ್ಕ್ ಬಿಟ್ಟರು. ನ್ಯೂ ಮೆಕ್ಸಿಕೊದ ಗುಡ್ಡದ ಮೇಲೆ ಮಣ್ಣಿನ ಇಟ್ಟಿಗೆಯ ಮನೆ ಕಟ್ಟಿಕೊಂಡರು. ಮತ್ತೆ ಚಿತ್ರ ಬರೆಯಲು ಕೂತದ್ದು 1974ರಲ್ಲಿ. ಮೊದಲು ಸಣ್ಣ ಚೌಕುಳಿಗಳಲ್ಲಿ ಹೆಸರಾದವರು ಈಗ ತೆಳು ಗುಲಾಬಿ, ತೆಳು ನೀಲಿಯ ಅಗಲ ಪಟ್ಟೆಗಳಿಗೆ ಬಂದಿದ್ದರು. 2004ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು.

ಇಬ್ಬರಲ್ಲೂ ಸಮಾನವಾದ ಒಂದು ಸಂಗತಿಯಿದೆ. ನಿಲ್ಲಿಸಿದ್ದಲ್ಲಿಂದಲೇ ಮುಂದುವರಿಸುವ ಹಟ ಅವರಿಗೆ ಇರಲಿಲ್ಲ. ಇಪ್ಪತ್ತರಲ್ಲಿ ಬಿಡಿಸಿದ್ದರ ಜೊತೆ ಐವತ್ತರಲ್ಲಿ ಬಿಡಿಸಿದ್ದನ್ನು ಹೋಲಿಸಿ ನೋಡಿ, ಕೈ ಕೆಟ್ಟಿದೆ ಎಂದು ಎದ್ದುಬಿಡುವವರೇ ಹೆಚ್ಚು. ರುಮಾಲೆ ನೋಡಿದ್ದು ಎದುರಿಗಿದ್ದ ಮರವನ್ನು.

ಬಣ್ಣದ ಪೆಟ್ಟಿಗೆಯ ಸ್ಥಿತಿಯೂ ಕೆಲವರನ್ನು ಹಿಂದೆ ಸರಿಸುತ್ತದೆ. ಅಟ್ಟದಿಂದ ಇಳಿಸಿದರೆ ಟ್ಯೂಬುಗಳೆಲ್ಲ ಕಲ್ಲಾಗಿರುತ್ತವೆ. ತೈಲವರ್ಣವಾದರೆ ಆಸೆ ಬಿಡಬೇಕು. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗುತ್ತದೆ, ಮತ್ತೆ ಕರಗುವುದಿಲ್ಲ. ಜಲವರ್ಣದ ಕಥೆ ಬೇರೆ. ಬಣ್ಣದ ಪುಡಿಯನ್ನು ಹಿಡಿದಿಡುವುದು ಅರೇಬಿಕ್ ಗೋಂದು, ಅದು ನೀರಿನಲ್ಲಿ ಮತ್ತೆ ಕರಗುತ್ತದೆ. ಒಣಗಿದ ಟ್ಯೂಬನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಒಳಗಿನ ಗಟ್ಟಿಯನ್ನು ತಟ್ಟೆಗೆ ಹಾಕಿ, ನಾಲ್ಕು ಹನಿ ನೀರು ಬಿಟ್ಟು ಸ್ವಲ್ಪ ಹೊತ್ತು ಬಿಟ್ಟರೆ ಸಾಕು. ಒದ್ದೆ ಕುಂಚ ತಿಕ್ಕಿದಾಗ ಹತ್ತಿಪ್ಪತ್ತು ವರ್ಷದ ಹಿಂದಿನ ನೀಲಿಯೂ ಕಾಗದದ ಮೇಲೆ ಹರಡೀತು.

ಬಣ್ಣ ಸಿದ್ಧವಾದ ಮೇಲೆ ಬಿಡಿಸಲು ಏನಿದೆ ಎಂಬ ಪ್ರಶ್ನೆ ಕಾಸರಗೋಡಿನವರಿಗಂತೂ ಬರಲೇಬಾರದು. ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯ ಸೀತಾಂಗೋಳಿಯನ್ನೇ ನೋಡಿ. ಒಂದು ಕಡೆ ಎಚ್‌ಎಎಲ್ ಕಾರ್ಖಾನೆ, ಕಿನ್‌ಫ್ರಾ ಕೈಗಾರಿಕಾ ಪಾರ್ಕ್. ಇನ್ನೊಂದು ಕಡೆ ಅಡಿಕೆ ತೋಟ, ಮುರಕಲ್ಲಿನ ಪದವು (ಎತ್ತರದ ಬಯಲು). ಸ್ವಲ್ಪ ದೂರದಲ್ಲಿ ಅನಂತಪುರದ ಸರೋವರ ಕ್ಷೇತ್ರ, ನೀರಿನ ನಡುವೆ ಗರ್ಭಗುಡಿ.

ಮುರಕಲ್ಲು ಚಿತ್ರಗಾರನಿಗೆ ಒಳ್ಳೆಯ ಪಾಠ. ಮಳೆಯಲ್ಲಿ ನೆನೆದಾಗ ಕಡು ಕಂದು, ಒಣಗಿದಾಗ ಇಟ್ಟಿಗೆಯ ಕೆಂಪು, ನಡುಮಧ್ಯಾಹ್ನದ ಬಿಸಿಲಿಗೆ ಹೆಚ್ಚುಕಡಿಮೆ ಹಳದಿ. ಕಲ್ಲಿನ ತೂತುಗಳಲ್ಲಿ ನಿಂತ ನೀರು ಆಕಾಶದ ಬಣ್ಣವನ್ನೂ ತಂದು ಸೇರಿಸುತ್ತದೆ. ಮಳೆಗಾಲದ ಕೊನೆಗೆ ಉತ್ತರ ಕೇರಳದ ಇಂಥ ಪದವುಗಳ ಮೇಲೆ ಪುಟ್ಟ ನೀಲಿ, ನೇರಳೆ ಹೂಗಳ ಹಾಸು ಬೀಳುತ್ತದೆ.

ಆದರೆ ಮೊದಲ ದಿನವೇ ದೊಡ್ಡ ಕ್ಯಾನ್ವಾಸ್ ಬೇಡ. ಅಂಗೈಯಗಲದ ಕಾಗದ, ಮೂರು ಬಣ್ಣ, ಅರ್ಧ ಗಂಟೆ ಸಾಕು. ಕೂರುವ ಜಾಗವನ್ನೂ ಹೊತ್ತನ್ನೂ ಮಾತ್ರ ವಾರವಿಡೀ ಬದಲಿಸಬಾರದು. ಏನು ಬಿಡಿಸುವುದು ಎಂಬ ಯೋಚನೆ ಆಗ ಮೊದಲ ದಿನಕ್ಕೇ ಮುಗಿಯುತ್ತದೆ; ಉಳಿದ ದಿನಗಳ ಅರ್ಧ ಗಂಟೆಯೆಲ್ಲ ನೋಡುವುದಕ್ಕೆ ಮತ್ತು ಬಣ್ಣ ಬೆರೆಸುವುದಕ್ಕೆ ಸಿಗುತ್ತದೆ. ಅಕ್ಟೋಬರ್‌ಗೆ ಪದವು ಒಣಗತೊಡಗುತ್ತದೆ, ಹೂವೂ ಹೋಗುತ್ತದೆ. ಆ ಹೂವನ್ನು ಬಿಡಿಸಬೇಕೆಂದಿರುವವರು ಆಗಸ್ಟ್‌ನಲ್ಲಿ ಮಳೆ ಬಿಡುವು ಕೊಟ್ಟ ಬೆಳಗ್ಗೆಯೇ ಕೊಡೆ ಹಿಡಿದು ಹೊರಡುವುದು ಒಳ್ಳೆಯದು.